ಚಾಂಪಿಯನ್ನರ ಹೆಸರಿನ ಪಕ್ಕದ ಖಾನೆ

ಭಾರತದ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಮೊದಲ ಬಾರಿಗೆ ಗೆದ್ದ ತಂಡ ಇಂದು ಅಸ್ತಿತ್ವದಲ್ಲಿಲ್ಲ. ಪಂಜಾಬಿನ ಫಗ್ವಾಡಾದ ಬಟ್ಟೆ ಗಿರಣಿಯೊಂದು ಕಟ್ಟಿ ಬೆಳೆಸಿದ ಜೆಸಿಟಿ ತಂಡ 1996–97ನೇ ಸಾಲಿನಲ್ಲಿ ಆ ಪ್ರಶಸ್ತಿಯನ್ನು ಗೆದ್ದಾಗ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಮತ್ತು ಜೋ ಪಾಲ್ ಅಂಚೇರಿ ಒಂದೇ ತಂಡದಲ್ಲಿ ಆಡುತ್ತಿದ್ದರು. ದೇಶದ ಫುಟ್‌ಬಾಲನ್ನು ಅಲ್ಪಸ್ವಲ್ಪ ಬಲ್ಲವರಿಗೂ ಆ ಮೂರು ಹೆಸರುಗಳ ತೂಕ ಗೊತ್ತಿರುತ್ತದೆ. 2011ರಲ್ಲಿ ಜೆಸಿಟಿ, ಆ ರಾಷ್ಟ್ರೀಯ ಲೀಗಿನ ಮುಂದಿನ ರೂಪವಾದ ಐ-ಲೀಗ್‌ನಿಂದ ಹಿಂಬಡ್ತಿ ಪಡೆದು ಕೆಳಗಿನ ದರ್ಜೆಗೆ ಇಳಿಯಿತು. ಅದೇ ವರ್ಷ ಕಂಪನಿಯು ತಂಡವನ್ನೇ ಮುಚ್ಚಿತು.

ನನ್ನ ಬಳಿ ಒಂದು ನೋಟ್‌ಬುಕ್ ಇದೆ. ಅದರಲ್ಲಿ 1996ರಿಂದ ಈಚೆಗೆ ದೇಶದ ಅಗ್ರ ದರ್ಜೆಯ ಲೀಗನ್ನು ಗೆದ್ದವರ ಹೆಸರುಗಳನ್ನು ವರ್ಷವಾರು ಬರೆದುಕೊಂಡು ಬಂದಿದ್ದೇನೆ. ಮೊದಮೊದಲು ಅದರಲ್ಲಿ ವರ್ಷ, ಕ್ಲಬ್, ಊರು ಎಂಬ ಮೂರೇ ಖಾನೆಗಳಿದ್ದವು. ಕೆಲವು ವರ್ಷಗಳ ಹಿಂದೆ, ಆ ಕ್ಲಬ್ ಈಗ ಎಲ್ಲಿದೆ ಎಂದು ಬರೆಯಲು ನಾಲ್ಕನೆಯ ಖಾನೆಯೊಂದನ್ನು ಎಳೆದೆ. ಭಾರತದ ಲೀಗಿನ ಬಗ್ಗೆ ನನಗೆ ತಿಳಿದಿರುವ ಹೆಚ್ಚಿನ ಸಂಗತಿಗಳು ಆ ನಾಲ್ಕನೆಯ ಖಾನೆಯನ್ನು ತುಂಬುತ್ತಾ ಹೋದಾಗಲೇ ತಿಳಿದವು. ನಾವು ಲೀಗಿನ ಹೆಸರನ್ನು ಬದಲಿಸಿದ್ದೇವೆ, ಮಾದರಿಯನ್ನು ಬದಲಿಸಿದ್ದೇವೆ, ಪ್ರಾಯೋಜಕರನ್ನು ಬದಲಿಸಿದ್ದೇವೆ. ಆದರೆ ಕ್ಲಬ್ ಒಂದು ಸೋತ ವರ್ಷವೂ ಉಳಿದುಕೊಂಡು ಮರುವರ್ಷ ಮತ್ತೆ ಮೈದಾನಕ್ಕೆ ಇಳಿಯುವುದಕ್ಕೆ ಬೇಕಾದ ವ್ಯವಸ್ಥೆಯನ್ನು ಮಾತ್ರ ಇನ್ನೂ ಮಾಡಿಕೊಂಡಿಲ್ಲ.

ಗೊತ್ತಿಲ್ಲದವರಿಗಾಗಿ ಚರಿತ್ರೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1996ರಲ್ಲಿ ಆರಂಭವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಹನ್ನೊಂದು ಆವೃತ್ತಿಗಳನ್ನು ಕಂಡು, 2007ರಲ್ಲಿ ಹತ್ತು ತಂಡಗಳ ಐ-ಲೀಗ್ ಆಯಿತು. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಗಳ ಅವಧಿಗೆ 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್‌ಗೆ ಒಪ್ಪಿಸಿತು. ಆ ಒಪ್ಪಂದದ ಫಲವಾಗಿ 2014ರಲ್ಲಿ ಎಂಟು ಫ್ರಾಂಚೈಸಿ ತಂಡಗಳ, ಅಂದರೆ ಶುಲ್ಕ ಕೊಟ್ಟು ಹಕ್ಕು ಪಡೆದ ಮಾಲೀಕರ ತಂಡಗಳ, ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಹುಟ್ಟಿತು. ಕೆಲಕಾಲ ಐ-ಲೀಗ್ ಮತ್ತು ಐಎಸ್ಎಲ್ ಎರಡೂ ಜೊತೆಜೊತೆಯಾಗಿ ನಡೆದವು. 2019ರ ಅಕ್ಟೋಬರ್‌ನಲ್ಲಿ ಏಷ್ಯಾದ ಫುಟ್‌ಬಾಲ್ ಒಕ್ಕೂಟವು ವಿಯೆಟ್ನಾಮಿನ ಡಾ ನಾಂಗ್‌ನಲ್ಲಿ ಒಪ್ಪಿದ ಮಾರ್ಗಸೂಚಿಯಂತೆ ಐಎಸ್ಎಲ್ ಅಧಿಕೃತವಾಗಿ ಅಗ್ರ ಲೀಗ್ ಆಯಿತು, ಐ-ಲೀಗ್ ಅದರ ಕೆಳಗಿನ ದರ್ಜೆಗೆ ಇಳಿಯಿತು.

ಈಗ ನಾಲ್ಕನೆಯ ಖಾನೆಗೆ ಬರುತ್ತೇನೆ. ಜೆಸಿಟಿಯ ಕತೆಯನ್ನು ಹೇಳಿಯಾಯಿತು. 2005–06ರಲ್ಲಿ ಗೆದ್ದ ಮುಂಬೈನ ಮಹೀಂದ್ರ ಯುನೈಟೆಡ್ ತಂಡವನ್ನು ಅದರ ಒಡೆತನದ ಕಂಪನಿ 2010ರಲ್ಲಿ ವಿಸರ್ಜಿಸಿತು. 1962ರಿಂದ ನಡೆದುಬಂದಿದ್ದ ತಂಡ ಅದು. ಈ ಎರಡೂ ಕಂಪನಿ ತಂಡಗಳೇ ಆಗಿದ್ದವು. ಕಂಪನಿ ತಂಡಗಳನ್ನು ಹಗುರವಾಗಿ ಕಾಣುವ ಮಾತು ಈಗ ಹೆಚ್ಚಾಗಿ ಕೇಳಿಬರುತ್ತದೆ; ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ದೇಶದಲ್ಲಿ ಎರಡು ಮೂರು ತಲೆಮಾರಿನ ಆಟಗಾರರಿಗೆ ಅನ್ನ ಕೊಟ್ಟಿದ್ದು ಆಟವಲ್ಲ, ಆಟದಿಂದ ಸಿಕ್ಕ ನೌಕರಿ. ಮೂವತ್ತೆರಡನೆಯ ವಯಸ್ಸಿಗೆ ಮೊಣಕಾಲು ಸೋತ ಮೇಲೂ ತಿಂಗಳ ಸಂಬಳ ಬರುತ್ತದೆ ಎಂಬ ಭರವಸೆಯಿಂದಲೇ ಎಷ್ಟೋ ಮನೆಗಳು ಮಕ್ಕಳನ್ನು ಮೈದಾನಕ್ಕೆ ಕಳುಹಿಸಿದವು.

ಬೆಂಗಳೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನನ್ನ ಸೋದರಮಾವ ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. 1977ರಲ್ಲಿ ಮೊದಲ ಫೆಡರೇಷನ್ ಕಪ್ ಎರ್ನಾಕುಲಂನಲ್ಲಿ ನಡೆದಾಗ, ಫೈನಲ್‌ನಲ್ಲಿ ಕೋಲ್ಕತ್ತದ ಮೋಹನ್ ಬಾಗನ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಕಪ್ ತಂದವರು ಇದೇ ಐಟಿಐ ಆಟಗಾರರು. 1889ರಲ್ಲಿ ಹುಟ್ಟಿದ, 1911ರಲ್ಲಿ ಬ್ರಿಟಿಷ್ ಸೇನಾ ತಂಡವನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದ ಮೋಹನ್ ಬಾಗನ್ ಅನ್ನು ಟೆಲಿಫೋನ್ ಕಾರ್ಖಾನೆಯ ನೌಕರರು ಸೋಲಿಸಿದ್ದನ್ನು ಮಾವ ಎಷ್ಟು ಸಲ ಹೇಳಿದರೂ ಅವರ ದನಿಯಲ್ಲಿ ಬೇಸರ ಸುಳಿಯುತ್ತಿರಲಿಲ್ಲ. ಫೆಡರೇಷನ್ ಕಪ್ 2017ರಲ್ಲಿ ಕೊನೆಯ ಬಾರಿಗೆ ನಡೆಯಿತು. ಕಟಕ್‌ನಲ್ಲಿ ಆ ಕೊನೆಯ ಫೈನಲ್ ಗೆದ್ದವರೂ ಬೆಂಗಳೂರಿನವರೇ, ಸೋತವರು ಮತ್ತೆ ಮೋಹನ್ ಬಾಗನ್ನರೇ. ಆದರೆ ಈ ಬಾರಿ ಗೆದ್ದದ್ದು ಕಾರ್ಖಾನೆಯ ತಂಡವಲ್ಲ, ಬೆಂಗಳೂರು ಎಫ್‌ಸಿ. ಅಷ್ಟರ ಹೊತ್ತಿಗೆ ಐಟಿಐ ರಾಷ್ಟ್ರೀಯ ಮಟ್ಟದಿಂದ ಎಂದೋ ಮರೆಯಾಗಿತ್ತು; ಐ-ಲೀಗ್‌ನ ಮೇಲಿನ ದರ್ಜೆಯಲ್ಲಿ ಆಡಿದ, ಬೆಂಗಳೂರಿನ ವಿಮಾನ ಕಾರ್ಖಾನೆಯಾದ ಎಚ್ಎಎಲ್‌ನ ತಂಡವೂ 2012ರಲ್ಲಿ ಕೆಳಕ್ಕೆ ಇಳಿದಿತ್ತು.

ಕಂಪನಿ ತಂಡಗಳ ದೌರ್ಬಲ್ಯ ಇದ್ದದ್ದು ಒಂದೇ ಕಡೆ. ತಂಡವು ಊರಿನ ಸ್ವತ್ತಾಗದೆ ಆಡಳಿತ ಮಂಡಳಿಯ ಖರ್ಚಿನ ಒಂದು ಬಾಬತ್ತಾಗಿ ಉಳಿದುಬಿಟ್ಟಿತು. ಮಂಡಳಿ ಬದಲಾದಾಗ, ಇಲ್ಲವೇ ವ್ಯಾಪಾರ ಕುಸಿದಾಗ ಆ ಬಾಬತ್ತಿಗೆ ಮೊದಲು ಕತ್ತರಿ ಬೀಳುತ್ತಿತ್ತು. ಟಿಕೆಟಿನ ಹಣ, ಪ್ರಸಾರದ ಹಣ, ಆಟಗಾರರ ವರ್ಗಾವಣೆಯ ಹಣ ಈ ಮೂರರಿಂದ ಒಂದು ಕ್ಲಬ್ ತನ್ನ ಕಾಲಮೇಲೆ ತಾನು ನಿಲ್ಲಬಹುದು ಎಂಬುದನ್ನು ಲೀಗ್ ಎಂದೂ ಸಾಧ್ಯ ಮಾಡಿ ತೋರಿಸಲಿಲ್ಲ. ಫ್ರಾಂಚೈಸಿ ಮಾದರಿ ಬಂದಾಗ ಈ ದೌರ್ಬಲ್ಯ ನೀಗುತ್ತದೆ ಎಂದು ನಾನೂ ನಂಬಿದ್ದೆ. ಐಎಸ್ಎಲ್‌ನಿಂದ ಹುಲ್ಲುಹಾಸು ಸುಧಾರಿಸಿತು, ದೂರದರ್ಶನದ ಪ್ರಸಾರ ಸುಧಾರಿಸಿತು, ಆಟಗಾರರ ಸಂಬಳ ಏರಿತು, ಯುವಕರು ವಿದೇಶಿ ತರಬೇತುದಾರರ ಕೈಯಲ್ಲಿ ಪಳಗಿದರು. ಇವೆಲ್ಲವೂ ನಿಜವಾದ ಲಾಭಗಳೇ, ಅವನ್ನು ಅಲ್ಲಗಳೆಯುವುದು ತಪ್ಪು. ಆದರೆ ಬೇರಿನ ವಿಷಯಕ್ಕೆ ಬಂದರೆ ನನ್ನ ನೋಟ್‌ಬುಕ್ ಬೇರೆಯದನ್ನೇ ಹೇಳುತ್ತದೆ. ಮೊದಲ ವರ್ಷದ ಎಂಟು ತಂಡಗಳಲ್ಲಿ ಪುಣೆಯ ತಂಡ 2019ರಲ್ಲಿ ಇಲ್ಲವಾಗಿ ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಅದೇ ವರ್ಷ ದೆಹಲಿಯ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಹೈದರಾಬಾದ್ ತಂಡವು 2021–22ರಲ್ಲಿ ಚಾಂಪಿಯನ್ ಆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಸಂಬಳ ಬಾಕಿಯ ಸುಳಿಯಲ್ಲಿ ಸಿಕ್ಕಿ ಆಟಗಾರರನ್ನು ಕಳೆದುಕೊಂಡಿತು. 2025ರಲ್ಲಿ ದೆಹಲಿಗೆ ಸ್ಥಳಾಂತರಗೊಂಡು ಹೆಸರನ್ನೂ ಬದಲಿಸಿಕೊಂಡಿತು. ಹೈದರಾಬಾದಿನಲ್ಲಿ ಆ ಹಳದಿ ಅಂಗಿ ಕೊಂಡ ಹುಡುಗನೊಬ್ಬ ಈಗ ಯಾರ ಪರ ಕೂಗಬೇಕು? ತಂಡ ಸೋಲುವುದನ್ನು ಅಭಿಮಾನಿ ಸಹಿಸಿಕೊಳ್ಳುತ್ತಾನೆ, ಆದರೆ ತಂಡ ಊರು ಬಿಟ್ಟು ಹೋದರೆ ಅವನಿಗೆ ಸಹಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಸೋಲನ್ನು ಸಹಿಸಿಕೊಳ್ಳುವ ಮಾತು ಬಂದದ್ದರಿಂದ 2015ರ ಮೇ 31ರ ಬಗ್ಗೆ ಬರೆಯಲೇಬೇಕು. ಆ ದಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗ್‌ನ ಕೊನೆಯ ಪಂದ್ಯ ನಡೆಯಿತು. ಬೆಂಗಳೂರು ಎಫ್‌ಸಿಗಿಂತ ಮೋಹನ್ ಬಾಗನ್ ಎರಡು ಅಂಕ ಮುಂದಿತ್ತು. ನಾವು ಗೆದ್ದರೆ ಪ್ರಶಸ್ತಿ ನಮ್ಮದು, ಡ್ರಾ ಆದರೆ ಅವರದು. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ಗ್ಯಾಲರಿಯಲ್ಲಿ ನನ್ನ ಪಕ್ಕದಲ್ಲಿದ್ದ ಅಪರಿಚಿತರು ನನ್ನನ್ನು ತಬ್ಬಿಕೊಂಡರು. 87ನೆಯ ನಿಮಿಷದವರೆಗೂ ಪ್ರಶಸ್ತಿ ನಮ್ಮ ಕೈಯಲ್ಲೇ ಇತ್ತು. ಆಗ ಒಂದು ಕಾರ್ನರ್, ಗುಂಪಿನ ನಡುವಿನಿಂದ ಎದ್ದ ಬೆಲ್ಲೊ ರಜಾಕ್, ಒಂದು ಹೆಡರ್. 1–1. ಕೋಲ್ಕತ್ತದಿಂದ ರೈಲು ಹತ್ತಿ ಬಂದಿದ್ದ ಅಭಿಮಾನಿಗಳು ಹದಿಮೂರು ವರ್ಷಗಳ ನಂತರ ಬಂದ ಲೀಗ್ ಪ್ರಶಸ್ತಿಗಾಗಿ ಅಳುತ್ತಿದ್ದರು. ನಾವು ಬೇರೆ ಕಾರಣಕ್ಕೆ ಅಳುತ್ತಿದ್ದೆವು. ಮರುವರ್ಷ ಅದೇ ಮೈದಾನದಲ್ಲಿ ಸಾಲಗಾಂವ್ಕರ್ ತಂಡವನ್ನು ಸೋಲಿಸಿ ಬೆಂಗಳೂರು ಎಫ್‌ಸಿ ಪ್ರಶಸ್ತಿಯನ್ನು ಮರಳಿ ಪಡೆದ ದಿನ ನನಗಾದ ಸಂತೋಷದ ಅರ್ಧ ಭಾಗ ಆ ಹಿಂದಿನ ವರ್ಷದ ಸಂಜೆಯಿಂದ ಬಂದದ್ದು. ಒಂದೇ ಊರು, ಒಂದೇ ಮೈದಾನ, ಒಂದೇ ಬಣ್ಣ ವರ್ಷದಿಂದ ವರ್ಷಕ್ಕೆ ಮುಂದುವರಿದರೆ ಮಾತ್ರ ಒಂದು ಸೋಲು ಮುಂದಿನ ಗೆಲುವಿಗೆ ಅರ್ಥ ಕೊಡುತ್ತದೆ.

ಆ ಸಂಜೆ ಇನ್ನೊಂದು ವಿಷಯವನ್ನೂ ನನಗೆ ಮನಗಾಣಿಸಿತು. ಇಡೀ ಋತುವಿನ ಅಂಕಪಟ್ಟಿಯೇ ಚಾಂಪಿಯನ್ ಯಾರೆಂದು ತೀರ್ಮಾನಿಸುತ್ತಿದ್ದುದರಿಂದ, ಆ ಕೊನೆಯ ಪಂದ್ಯದ ಹಿಂದೆ ಐದು ತಿಂಗಳ ಭಾರವಿತ್ತು. ಐಎಸ್ಎಲ್‌ನಲ್ಲಿ 2024–25ರವರೆಗೆ ಅಂಕಪಟ್ಟಿಯ ಮೇಲ್ಭಾಗದ ತಂಡಗಳು ಮತ್ತೆ ಪ್ಲೇ-ಆಫ್ ಆಡಬೇಕಿತ್ತು, ಫೈನಲ್ ಗೆದ್ದವರು ಚಾಂಪಿಯನ್ ಆಗುತ್ತಿದ್ದರು. 2017–18ರಲ್ಲಿ ಬೆಂಗಳೂರು ಎಫ್‌ಸಿ 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೆಯ ಸ್ಥಾನದ ಚೆನ್ನೈಯಿನ್ ಎಫ್‌ಸಿಗಿಂತ ಎಂಟು ಅಂಕ ಮುಂದಿತ್ತು. ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಸುನಿಲ್ ಛೆಟ್ರಿ ಮೊದಲ ಗೋಲು ಹೊಡೆದರೂ ಚೆನ್ನೈಯಿನ್ 3–2ರಿಂದ ಗೆದ್ದು ಚಾಂಪಿಯನ್ ಆಯಿತು. ಆ ರಾತ್ರಿ ಅವರು ಚೆನ್ನಾಗಿ ಆಡಿದರು, ಅದರಲ್ಲಿ ತಕರಾರಿಲ್ಲ. ಆದರೆ ಲೀಗ್ ಎಂದರೆ ಒಂದು ರಾತ್ರಿಯ ಆಟವಲ್ಲ. 2019–20ರಿಂದ ಅಂಕಪಟ್ಟಿಯ ಅಗ್ರಸ್ಥಾನಕ್ಕೆ ಶೀಲ್ಡ್ ಕೊಡಲಾರಂಭಿಸಿದ್ದು ಒಳ್ಳೆಯ ಬದಲಾವಣೆ. ಅದನ್ನು ಮೊದಲು ಗೆದ್ದ ಎಫ್‌ಸಿ ಗೋವಾ, 2021ರಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ ಆಯಿತು. 2019ರಲ್ಲಿ ರಾಹುಲ್ ಭೇಕೆ ಹೆಚ್ಚುವರಿ ಸಮಯದ 117ನೆಯ ನಿಮಿಷದಲ್ಲಿ ಹೊಡೆದ ಹೆಡರ್‌ನಿಂದ ಬೆಂಗಳೂರು ಫೈನಲ್ ಗೆದ್ದಾಗ ನಾನು ಕುಣಿದದ್ದು ನಿಜ. ಹಾಗಿದ್ದೂ ನನ್ನ ನೋಟ್‌ಬುಕ್‌ನಲ್ಲಿ ಶೀಲ್ಡ್ ಗೆದ್ದವರ ಹೆಸರನ್ನೇ ಮೇಲೆ ಬರೆಯುತ್ತೇನೆ.

ಪಟ್ಟಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಲ್ಲುವುದು 2016–17ರ ಸಾಲಿನ ಎದುರು. ಅಲ್ಲಿರುವ ಹೆಸರು ಐಜ್ವಾಲ್ ಎಫ್‌ಸಿ, ಊರು ಮಿಝೋರಾಂನ ರಾಜಧಾನಿ. ಹಿಂದಿನ ವರ್ಷ ಆ ಕ್ಲಬ್ ಹಿಂಬಡ್ತಿ ಪಡೆದಿತ್ತು. ಅಷ್ಟರಲ್ಲಿ, ಐಎಸ್ಎಲ್ ಅನ್ನು ಅಗ್ರ ಲೀಗ್ ಮಾಡುವ ಯೋಜನೆಯನ್ನು ವಿರೋಧಿಸಿ ಗೋವಾದ ಹಳೆಯ ಕ್ಲಬ್‌ಗಳಾದ ಸಾಲಗಾಂವ್ಕರ್, ಡೆಂಪೊ ಮತ್ತು ಸ್ಪೋರ್ಟಿಂಗ್ ಕ್ಲಬ್ ಐ-ಲೀಗ್‌ನಿಂದ ಹಿಂದೆ ಸರಿದವು. ಹಾಗೆ ಖಾಲಿಯಾದ ಜಾಗದಲ್ಲಿ ಐಜ್ವಾಲ್‌ಗೆ ಮರಳಿ ಅವಕಾಶ ಸಿಕ್ಕಿತು. ತರಬೇತುದಾರ ಖಾಲಿದ್ ಜಮೀಲ್, ಆಟಗಾರರಲ್ಲಿ ಹೆಚ್ಚಿನವರು ಮಿಝೋರಾಂನ ಹುಡುಗರು. 2012ರಲ್ಲಿ ಆರಂಭವಾದ ಮಿಝೋರಾಂ ಪ್ರೀಮಿಯರ್ ಲೀಗ್‌ನ ಪಂದ್ಯಗಳನ್ನು ಸ್ಥಳೀಯ ಕೇಬಲ್ ವಾಹಿನಿ ಮನೆಮನೆಗೆ ತಲುಪಿಸುತ್ತಿದ್ದುದರಿಂದ ಈ ಹುಡುಗರು ದೇಶಕ್ಕೆ ಪರಿಚಯವಾಗುವ ಮೊದಲೇ ತಮ್ಮ ಊರಿನಲ್ಲಿ ಮನೆಮಾತಾಗಿದ್ದರು. ಋತುವಿನ ಕೊನೆಗೆ ಒಂದು ಪಂದ್ಯ ಉಳಿದಿದ್ದಾಗ ಅವರು ತವರಿನಲ್ಲಿ ಮೋಹನ್ ಬಾಗನ್ ತಂಡವನ್ನು 1–0ಯಿಂದ ಸೋಲಿಸಿದರು. 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ ಲಾಜಾಂಗ್ ತಂಡದ ಎದುರು ಒಂದು ಅಂಕ ಸಿಕ್ಕಿದ್ದರೆ ಸಾಕಿತ್ತು. ಒಂಬತ್ತನೆಯ ನಿಮಿಷದಲ್ಲೇ ಎದುರಾಳಿ ಗೋಲು ಹೊಡೆದರು. 67ನೆಯ ನಿಮಿಷದಲ್ಲಿ ವಿಲಿಯಂ ಲಾಲ್ನುನ್‌ಫೆಲಾ ಸಮ ಮಾಡಿದರು. ಐಜ್ವಾಲ್ 37 ಅಂಕ, ಮೋಹನ್ ಬಾಗನ್ 36.

ಇದನ್ನು ಪವಾಡ ಎಂದು ಬರೆದವರೇ ಹೆಚ್ಚು. ನನಗೆ ಅದು ಪವಾಡದಂತೆ ಕಾಣಲಿಲ್ಲ. ಊರಿನ ಲೀಗ್ ಚೆನ್ನಾಗಿ ನಡೆಯುತ್ತಿತ್ತು, ಅಲ್ಲಿ ಆಟಗಾರರು ಬೆಳೆಯುತ್ತಿದ್ದರು, ಊರಿನ ಜನ ಕ್ಲಬ್ಬನ್ನು ತಮ್ಮದೆಂದು ಭಾವಿಸಿದ್ದರು, ಮತ್ತು ಮೇಲಿನ ದರ್ಜೆಗೆ ಹೋಗಲು ಒಂದು ಬಾಗಿಲು ತೆರೆದಿತ್ತು. ಈ ನಾಲ್ಕೂ ಒಟ್ಟಿಗೆ ಸೇರಿದಾಗ ಆಗಬೇಕಾದದ್ದೇ ಆಯಿತು. ಆ ಬಾಗಿಲು ಮುಂದಿನ ವರ್ಷಗಳಲ್ಲಿ ಮುಚ್ಚಿತು. ಫ್ರಾಂಚೈಸಿ ಶುಲ್ಕ ಕೊಡಲಾಗದ ಕ್ಲಬ್ ಎಷ್ಟು ಗೆದ್ದರೂ ಐಎಸ್ಎಲ್ ತಲುಪುವ ದಾರಿ ಹಲವು ವರ್ಷಗಳ ಕಾಲ ಇರಲಿಲ್ಲ. 2020–21 ಮತ್ತು 2021–22ರಲ್ಲಿ ಸತತವಾಗಿ ಐ-ಲೀಗ್ ಗೆದ್ದ ಗೋಕುಲಂ ಕೇರಳ ತಂಡಕ್ಕೆ ಆ ಎರಡು ಗೆಲುವುಗಳು ಬಡ್ತಿಯನ್ನು ತಂದುಕೊಡಲಿಲ್ಲ. ಬಡ್ತಿ ಆರಂಭವಾದದ್ದು ಅದರ ಮರುವರ್ಷದಿಂದ: 2023ರಲ್ಲಿ ಪಂಜಾಬ್ ತಂಡ, 2024ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಮೇಲೇರಿದವು. 2024–25ರ ಪ್ರಶಸ್ತಿ ಗೋವಾದ ಚರ್ಚಿಲ್ ಬ್ರದರ್ಸ್‌ಗೋ ವಾರಾಣಸಿಯ ಇಂಟರ್ ಕಾಶಿಗೋ ಎಂಬ ವಿವಾದ ಸ್ವಿಟ್ಜರ್ಲೆಂಡಿನ ಕ್ರೀಡಾ ಪಂಚಾಯ್ತಿ ನ್ಯಾಯಾಲಯದವರೆಗೂ ಹೋಗಿ, ಜುಲೈ ತಿಂಗಳಿನಲ್ಲಿ ಇಂಟರ್ ಕಾಶಿಯ ಪರವಾಗಿ ತೀರ್ಮಾನವಾಯಿತು. ಆಟ ಮುಗಿದು ಮೂರು ತಿಂಗಳಾದ ಮೇಲೆ ಚಾಂಪಿಯನ್ ಯಾರೆಂದು ತಿಳಿಯುವುದು ಯಾವ ಲೀಗಿಗೂ ಗೌರವ ತರುವ ಸಂಗತಿಯಲ್ಲ.

ಬಡ್ತಿ ಬಂದರೂ ಐಎಸ್ಎಲ್‌ನಿಂದ ಹಿಂಬಡ್ತಿ ಆ ಋತುವಿನವರೆಗೂ ಬಂದಿರಲಿಲ್ಲ. ಇದನ್ನು ಕ್ಲಬ್‌ಗಳ ಹಿತಕ್ಕಾಗಿ ಎಂದು ಸಮರ್ಥಿಸುವವರಿದ್ದಾರೆ. ಕೋಟಿಗಟ್ಟಲೆ ಹಣ ಹಾಕಿದ ಮಾಲೀಕರು ಕೆಳಗಿಳಿದರೆ ತಂಡವನ್ನೇ ಮುಚ್ಚಿಬಿಡುತ್ತಾರೆ ಎಂಬುದು ಅವರ ವಾದ. ಜೆಸಿಟಿಯ ಉದಾಹರಣೆ ಆ ಭಯಕ್ಕೆ ಪುಷ್ಟಿ ಕೊಡುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಹಿಂಬಡ್ತಿಯೇ ಇಲ್ಲದ ಲೀಗಿನಲ್ಲೂ ಪುಣೆ ಮುಚ್ಚಿತು, ದೆಹಲಿ ಊರು ಬಿಟ್ಟಿತು, ಹೈದರಾಬಾದ್ ಕುಸಿಯಿತು. ಕೆಳಗಿನ ಸ್ಥಾನದಲ್ಲಿರುವ ತಂಡದ ಕೊನೆಯ ಐದಾರು ಪಂದ್ಯಗಳಿಗೆ ಏನೂ ಅರ್ಥವಿಲ್ಲದಿರುವಾಗ ಗ್ಯಾಲರಿ ಖಾಲಿಯಾಗುತ್ತದೆ, ಗ್ಯಾಲರಿ ಖಾಲಿಯಾದಾಗ ಪ್ರಾಯೋಜಕ ದೂರವಾಗುತ್ತಾನೆ. ಕೆಳಗಿಳಿದ ಕ್ಲಬ್‌ಗೆ ಒಂದೆರಡು ವರ್ಷ ಪ್ರಸಾರದ ಹಣದಲ್ಲಿ ಪಾಲು ಕೊಟ್ಟು ಕಾಪಾಡಬಹುದು; ಎರಡನೆಯ ದರ್ಜೆಯ ಪಂದ್ಯಗಳನ್ನೂ ಜನರಿಗೆ ಕಾಣುವಂತೆ ಪ್ರಸಾರ ಮಾಡಬಹುದು. ಇವು ಯಾವುವೂ ಅಸಾಧ್ಯವಾದ ಕೆಲಸಗಳಲ್ಲ.

2025ರ ಜುಲೈನಲ್ಲಿ, ಆ ಹದಿನೈದು ವರ್ಷಗಳ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯಲಿದೆ ಎಂಬ ಕಾರಣಕ್ಕೆ ಐಎಸ್ಎಲ್‌ನ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಹೊಸ ವಾಣಿಜ್ಯ ಪಾಲುದಾರರಿಗಾಗಿ ಕರೆದ ಟೆಂಡರ್‌ಗೆ ಒಂದೂ ಬಿಡ್ ಬರಲಿಲ್ಲ. ಕೆಲವು ಕ್ಲಬ್‌ಗಳು ಆಟಗಾರರ ಸಂಬಳವನ್ನು ನಿಲ್ಲಿಸಿದವು. ಆ ತಿಂಗಳುಗಳಲ್ಲಿ ಕಂಠೀರವದ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗ ನಾನು ಆ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಕೊನೆಗೆ 2026ರ ಜನವರಿಯಲ್ಲಿ, ಫೆಬ್ರುವರಿ 14ರಿಂದ 14 ಕ್ಲಬ್‌ಗಳೊಂದಿಗೆ ಲೀಗ್ ನಡೆಯುತ್ತದೆ ಎಂದು ಕ್ರೀಡಾ ಸಚಿವರು ಪ್ರಕಟಿಸಿದರು. ಒಂದು ದೇಶದ ಅಗ್ರ ಲೀಗ್ ಒಂದು ಒಪ್ಪಂದದ ಗಡುವಿಗೆ ಇಷ್ಟು ಬಿಗಿಯಾಗಿ ಕಟ್ಟಿಕೊಂಡಿರಬಾರದಿತ್ತು ಎಂಬುದನ್ನು ಆ ಆರು ತಿಂಗಳು ಎಲ್ಲರಿಗೂ ತೋರಿಸಿಕೊಟ್ಟವು. ಲೀಗಿನ ಒಡೆತನದಲ್ಲಿ ಮುಖ್ಯ ಪಾಲು ಕ್ಲಬ್‌ಗಳಿಗೇ ಇರಬೇಕು ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾದದ್ದು ಆಗಲೇ.

ನಾಲ್ಕನೆಯ ಖಾನೆಯಲ್ಲಿ ನಾನು ಅತಿ ಹೆಚ್ಚು ಸಲ ಹೊಡೆದು ತಿದ್ದಿದ್ದು ಡೆಂಪೊ ಹೆಸರಿನ ಎದುರು. ಅರ್ಮಾಂಡೊ ಕೊಲಾಸೊ ಅವರ ತರಬೇತಿಯಲ್ಲಿ 2005ರಿಂದ 2012ರವರೆಗೆ ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ಗೋವಾದ ಕ್ಲಬ್ ಅದು. 2015ರಲ್ಲಿ ಹಿಂಬಡ್ತಿ ಪಡೆಯಿತು, ಒಂದೇ ವರ್ಷದಲ್ಲಿ ಎರಡನೆಯ ದರ್ಜೆಯನ್ನು ಗೆದ್ದು ಮರಳುವ ಅರ್ಹತೆ ಗಳಿಸಿತು, ಆದರೂ 2016ರ ಪ್ರತಿಭಟನೆಯಲ್ಲಿ ಹಿಂದೆ ಸರಿಯಿತು. ಆಗ ನಾನು ‘ಇಲ್ಲ’ ಎಂದು ಬರೆದಿದ್ದೆ. ಆದರೆ ಕ್ಲಬ್ ಮುಚ್ಚಿರಲಿಲ್ಲ. ಗೋವಾದ ಲೀಗಿನಲ್ಲಿ ಆಡುತ್ತಲೇ ಇತ್ತು, ಕಿರಿಯರನ್ನು ತಯಾರು ಮಾಡುತ್ತಲೇ ಇತ್ತು. 2024ರಲ್ಲಿ, ಐ-ಲೀಗ್‌ನ ಕೆಳಗಿನ ದರ್ಜೆಯಾದ ಐ-ಲೀಗ್ 2ರಲ್ಲಿ ಎರಡನೆಯ ಸ್ಥಾನ ಪಡೆದು ಐ-ಲೀಗ್‌ಗೆ ಮರಳಿತು. ಆ ವರ್ಷ ಅದಕ್ಕಿಂತ ಮೇಲಿದ್ದದ್ದು ನಮ್ಮೂರಿನದೇ ಆದ ಎಸ್‌ಸಿ ಬೆಂಗಳೂರು. ‘ಇಲ್ಲ’ ಎಂಬುದನ್ನು ಹೊಡೆದು ‘ಐ-ಲೀಗ್’ ಎಂದು ಬರೆದೆ. ಡೆಂಪೊ ತನ್ನ ತವರಿನಲ್ಲಿ ಆಡುವುದನ್ನು ನಾನು ಇದುವರೆಗೆ ಕಣ್ಣಾರೆ ನೋಡಿಲ್ಲ. ಮುಂದಿನ ಬಾರಿ ಪಂದ್ಯಗಳ ವೇಳಾಪಟ್ಟಿ ಬಂದ ಕೂಡಲೇ ಗೋವಾಕ್ಕೆ ಹೋಗುವ ರೈಲಿನ ಟಿಕೆಟ್ ತೆಗೆಯಬೇಕೆಂದಿದ್ದೇನೆ.